ಏತಡ್ಕದ ತೋಡಿನ ದಂಡೆಯಲ್ಲಿ, ಮಕ್ಕಳ ಜೊತೆ

ಕಾಸರಗೋಡಿಗೆ ಬಂದವರು ಬೇಕಲ ಕೋಟೆ ಹತ್ತಿ, ಅನಂತಪುರದ ಕೆರೆ ದೇವಸ್ಥಾನದಲ್ಲಿ ಕೈಮುಗಿದು, ಸಂಜೆ ಕಡಲ ಬದಿಯಲ್ಲಿ ಕೂತು ವಾಪಸಾಗುತ್ತಾರೆ. ಅದೆಲ್ಲ ಮುಗಿಸಿಯೇ ಬದಿಯಡ್ಕದ ಬಸ್ಸು ಹತ್ತಿದ್ದು. ಅದರ ಬಗ್ಗೆ ಹೊಸದಾಗಿ ಹೇಳುವುದೇನಿಲ್ಲ. ಬರೆಯಬೇಕೆನಿಸಿದ್ದು ಕುಂಬ್ಡಾಜೆ ಪಂಚಾಯತಿನ ಏತಡ್ಕದ ತೋಡಿನ, ಅಂದರೆ ತೋಟಗಳ ಬದಿಯಲ್ಲಿ ಹರಿಯುವ ಸಣ್ಣ ಹಳ್ಳದ ಬಗ್ಗೆ.

ಮಕ್ಕಳೊಂದಿಗೆ ಹೊಳೆಬದಿ ನಡೆಯುವುದೆಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಪಯಸ್ವಿನಿ, ಚಂದ್ರಗಿರಿ. ನೋಡಲು ಚಂದವೇ, ಆದರೆ ಹತ್ತು ವರ್ಷದೊಳಗಿನವರಿಗೆ ಹೇಳಿಸಿದ್ದಲ್ಲ. ಪಯಸ್ವಿನಿ ಕೊಡಗಿನ ಬೆಟ್ಟದಿಂದ ಇಳಿದು ಬರುತ್ತದೆ. ಅಲ್ಲಿ ಮಳೆ ಹೊಡೆದರೆ ಇಲ್ಲಿ ಬಿಸಿಲಿರುವಾಗಲೇ ನೀರು ಏರುತ್ತದೆ. ಮರಳು ತೆಗೆದ ಗುಂಡಿಗಳದ್ದು ಇನ್ನೊಂದು ಕಾಟ. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿದ್ದವರು ಮುಂದಿನ ಹೆಜ್ಜೆಗೆ ಮುಳುಗುತ್ತಾರೆ, ಮೇಲಿನಿಂದ ಏನೂ ಕಾಣುವುದಿಲ್ಲ.

ತೋಡಿನ ಕಥೆ ಬೇರೆ. ಅಕ್ಟೋಬರ್, ನವೆಂಬರಿನ ತುಲಾ ಮಳೆ ನಿಂತು ನೀರಿನ ಓಟ ತಗ್ಗಿದ ಮೇಲೆ, ಡಿಸೆಂಬರ್ ಹೊತ್ತಿಗೆ, ತೋಟದವರು ಸೇರಿ ತೋಡಿಗೆ ಅಡ್ಡಲಾಗಿ ಕಟ್ಟ ಹಾಕುತ್ತಾರೆ. ಹಿಂದೆ ಬರೇ ಕಲ್ಲು ಮತ್ತು ಮಣ್ಣು. ಈಗ ಪ್ಲಾಸ್ಟಿಕ್ ಶೀಟು, ಮರಳು ಚೀಲ, ಕೆಲವು ಕಡೆ ಕಂಬಗಳ ನಡುವೆ ಹಲಗೆ ಇಳಿಸಿ ಮಧ್ಯೆ ಮಣ್ಣು ತುಂಬುವ ಕ್ರಮವೂ ಉಂಟು. ಒಂದು ಕಟ್ಟದ ನೀರು ಹಿಂದಕ್ಕೆ ನಿಲ್ಲುತ್ತಾ ಹೋಗಿ ಮೇಲಿನ ಕಟ್ಟದ ಬುಡ ಮುಟ್ಟುತ್ತದೆ. ನೀರು ಇಂಗಿ ಬಾವಿಯ ಮಟ್ಟ ಏರಲಿ, ತೋಟ ತಂಪಾಗಿರಲಿ ಎಂದು ಮಾಡಿದ್ದು. ಆದರೆ ಸಾಲಾಗಿ ನಿಂತ ಆ ನೀರಿನ ಬದಿಯಲ್ಲೇ ಅಡಿಕೆ ತೋಟದ ನೆರಳು, ಕಾಲುದಾರಿ. ಲಕ್ಷಗಟ್ಟಲೆ ಸುರಿದು ಪ್ಲಾಸ್ಟಿಕ್ ಜಾರುಬಂಡಿ ನಿಲ್ಲಿಸಿದ ರೆಸಾರ್ಟುಗಳಲ್ಲಿ ಇದರ ಅರ್ಧ ಸುಖವೂ ಸಿಗಲಿಕ್ಕಿಲ್ಲ.

ದಾರಿ ತೋಟದವರದ್ದು, ಸರ್ಕಾರದ್ದಲ್ಲ. ಮೊದಲು ಸಿಕ್ಕಿದ ಮನೆಯಂಗಳದಲ್ಲಿ ನಿಂತು ಕೇಳಿಯೇ ಇಳಿಯಬೇಕು. ಕನ್ನಡ ಸಾಕು; ತುಳು ಬಂದರೆ ಮಜ್ಜಿಗೆಯೂ ಸಿಗುತ್ತದೆ. ಹಾಗೆ ಕೇಳಿದಲ್ಲಿ ಅಡಿಕೆ ಹರಡುತ್ತಿದ್ದ ಹಿರಿಯರೊಬ್ಬರು ಕೆಲಸ ಬಿಟ್ಟು ಜೊತೆಗೇ ಬಂದರು.

"ಮಕ್ಕಳು ನೀರಿಗಿಳಿಯಲಿ, ಅದಕ್ಕೆಂತ ಅಡ್ಡಿಯಿಲ್ಲ. ಕಟ್ಟದ ಮೇಲೆ ಮಾತ್ರ ನಡೆಯುವುದು ಬೇಡ ಮಾರಾಯ್ರೆ."

"ಗಟ್ಟಿ ಉಂಟಲ್ಲ?"

"ಗಟ್ಟಿ ಉಂಟು, ನೀರು ತಡೆಯಲಿಕ್ಕೆ. ತುಳಿಯಲಿಕ್ಕಲ್ಲ. ಮೇಲಿನ ಒಂದು ಕಲ್ಲು ಜಾರಿದರೆ ಅಲ್ಲಿ ಮಣ್ಣು ಕರಗ್ತದೆ. ಬೆರಳು ಹೋಗುವಷ್ಟು ಒಟ್ಟೆ ಬೆಳಗ್ಗೆ ಕೈ ಹೋಗುವಷ್ಟಾಗ್ತದೆ. ಮತ್ತೆ ನೀರೆಲ್ಲ ಕಡಲಿಗೆ."

ಮಕ್ಕಳಿಗೆ ಎಲ್ಲಿ ಸರಿ ಎಂದು ಕೇಳಿದ್ದಕ್ಕೆ ಅವರು ಕಟ್ಟದಿಂದ ಮೇಲಕ್ಕೆ ಕೈ ತೋರಿಸಿದರು. "ಕಟ್ಟದ ಬುಡದಲ್ಲಿ ಆಳ, ಕೆಸರು ಬೇರೆ. ನೀರಿನ ಬಾಲಕ್ಕೆ ಹೋಗಿ. ಅಲ್ಲಿ ಮರಳು ಕಾಣ್ತದೆ, ಮಕ್ಕಳ ಮೊಣಕಾಲಿಗೆ ಬಂದರೆ ಹೆಚ್ಚು."

ಆ ಮಾತಿನಂತೆ ನಡೆದರೆ ಸಾಕು. ನಿಂತ ನೀರಿನ ಮೇಲ್ತುದಿಯಲ್ಲಿ ತಳ ಕಾಣುತ್ತದೆ, ಓಟ ಕಡಿಮೆ. ಅಲ್ಲಿಯೇ ಮಕ್ಕಳಿಂದ ಒಂದು ಪುಟ್ಟ ಕಟ್ಟ ಹಾಕಿಸಬಹುದು. ಬದಿಯ ಕಿರುಧಾರೆಯಲ್ಲಿ ಒಂದು ಮಾರು ಅಗಲದ ಜಾಗ ಆರಿಸಿ. ಮೊದಲು ತಳದ ಸಡಿಲ ಮರಳನ್ನು ಗಟ್ಟಿ ನೆಲ ಸಿಗುವವರೆಗೆ ಕೈಯಲ್ಲೇ ಬಗೆಯಬೇಕು. ಒಂದು ಗೇಣು ಅಂತರ ಬಿಟ್ಟು ಎರಡು ಸಾಲು ಕಲ್ಲಿಡಿ, ದೊಡ್ಡವು ಅಡಿಗೆ. ನಡುವೆ ದಂಡೆಯ ಅಂಟುಮಣ್ಣನ್ನು ನಾದಿ ತುಂಬಿಸಿ, ಹಂತಹಂತಕ್ಕೆ ತುಳಿಯಿರಿ. ಮಧ್ಯದಲ್ಲಿ ನೀರು ಹೋಗಲು ಒಂದು ಕಂಡಿ ಉಳಿಸಿ, ಎರಡೂ ಬದಿ ಗಟ್ಟಿಯಾದ ಮೇಲೆ ಕೊನೆಗೆ ಅದನ್ನು ಮುಚ್ಚಿ. ಮಕ್ಕಳು ಮಾಡುವುದು ಇದಕ್ಕೆ ತಲೆಕೆಳಗು: ಕಂಡಿಯನ್ನೇ ಮೊದಲು ಮುಚ್ಚುತ್ತಾರೆ, ನೀರು ಏರಿ ಬದಿಯ ಹಸಿ ಮಣ್ಣನ್ನು ಒಯ್ಯುತ್ತದೆ. ಬರೇ ಮರಳು ತುಂಬಿದರೂ ನಿಲ್ಲುವುದಿಲ್ಲ, ಒಳಗಿಂದಲೇ ಸೋರುತ್ತದೆ. ಎಲ್ಲ ಸರಿ ಇದ್ದೂ ಬುಡದಲ್ಲಿ ನೀರು ಒಸರಿದರೆ ತಳ ಬಗೆದದ್ದು ಸಾಲದು ಎಂದರ್ಥ. ಹೊರಡುವಾಗ ಒಡೆದು ಕಲ್ಲು ಬದಿಗಿಡಬೇಕು. ಕೆಳಗಿನ ತೋಟಕ್ಕೂ ಅದೇ ನೀರು.

ಹಾಳೆ ಎಳೆಯುವ ಆಟಕ್ಕೆ ಆಗಷ್ಟೇ ಬಿದ್ದ ಅಗಲದ ಅಡಿಕೆ ಹಾಳೆ ಬೇಕು, ಸೋಗೆ ಸಮೇತ. ಒಬ್ಬರು ಹಾಳೆಯಲ್ಲಿ ಕೂತು ಸೋಗೆಯ ದಂಟು ಹಿಡಿಯಬೇಕು, ಇನ್ನೊಬ್ಬರು ತುದಿ ಹಿಡಿದು ಎಳೆಯಬೇಕು. ತರಗೆಲೆ ಹಾಸಿದ ತೋಟದ ದಾರಿ ಒಳ್ಳೆಯದು. ಮುರಕಲ್ಲಿನ ಗರಸಿನ ಮೇಲೆ ಎಳೆದರೆ ಹಾಳೆ ಬೇಗ ಹರಿಯುತ್ತದೆ, ಮತ್ತೆ ತರಚುವುದು ಚರ್ಮ. ದೋಣಿಗಾದರೆ ಒಂದು ಗೇಣುದ್ದದ ಹಾಳೆ ತುಂಡನ್ನು ಹತ್ತು ನಿಮಿಷ ನೆನೆಸಿ, ಎರಡೂ ತುದಿ ಮಡಚಿ ತೆಂಗಿನ ಕಡ್ಡಿ ಚುಚ್ಚಿ. ಒಣ ಹಾಳೆ ಮಡಚಿದಲ್ಲೇ ಸೀಳುತ್ತದೆ.

ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ ದಾಟುವಾಗ ನಡು ನೋಡಬೇಡಿ, ಎರಡು ತುದಿ ನೋಡಿ. ಮರ ಮಣ್ಣಿಗೆ ತಾಗುವಲ್ಲಿಯೇ ಮೊದಲು ಕೊಳೆತು ಕುಂಬಾಗುವುದು. ಕೋಲಿನಿಂದ ಕುಟ್ಟಿದಾಗ ಮೆತ್ತಗೆ ಒಳಹೋದರೆ ವಾಪಸು ಬನ್ನಿ. ಸರಿ ಇದ್ದರೂ ಒಮ್ಮೆಗೆ ಒಬ್ಬರೇ. ಮೊಬೈಲಿನ ನಕ್ಷೆಯನ್ನಂತೂ ಇಲ್ಲಿ ನಂಬುವುದೇ ಬೇಡ. ಮಳೆಗಾಲದಲ್ಲಿ ಕೊಚ್ಚಿಹೋದ ಸಂಕಕ್ಕೂ ಅದು ದಾರಿ ತೋರಿಸುತ್ತದೆ. ಉರಿಬಿಸಿಲಲ್ಲಿ ಮಕ್ಕಳನ್ನು ಹೊತ್ತು ಅಷ್ಟೂ ದೂರ ತಿರುಗಿ ನಡೆದ ಸಿಟ್ಟು ಇನ್ನೂ ಆರಿಲ್ಲ.

ದಂಡೆಯ ಪಂಪುಗಳ ಹತ್ತಿರ ಮಕ್ಕಳನ್ನು ಬಿಡಬೇಡಿ. ಆಟೋ ಸ್ಟಾರ್ಟರ್ ಇದ್ದರೆ ಕರೆಂಟು ಬಂದ ಕೂಡಲೇ ತಾನಾಗಿ ಓಡುತ್ತದೆ, ವಯರು ಎಲ್ಲಿ ಜೋಡಿಸಿದ್ದೋ ತಿಳಿಯದು. ಅಡಿಕೆ ಕೊಯ್ಲು ನಡೆಯುವ ತೋಟಕ್ಕೆ ಕಾಲಿಡುವ ಮೊದಲು ಕೂಗಿ ಹೇಳಿ. ಗುಡ್ಡೆಯ ಬದಿಯಲ್ಲಿ ನೀರಿಗಾಗಿ ಕೊರೆದ ಸುರಂಗ ಕಂಡರೆ ಅದರ ಬಾಯಿಯಲ್ಲಿ ನಿಂತೇ ತೋರಿಸಿ, ಒಳಗೆ ಕಳಿಸಬೇಡಿ: ಗಾಳಿ ಕಡಿಮೆ, ಬಾವಲಿ, ಹಾವು.

ಕಾಸರಕದ ಮರವನ್ನು ಮಾತ್ರ ಬೆರಳಿಟ್ಟು ತೋರಿಸಲೇಬೇಕು. ಊರಿಗೆ ಹೆಸರು ಬಂದದ್ದು ಇದರಿಂದ ಎನ್ನುವವರಿದ್ದಾರೆ. ಈಗ ಇದು ಕಾಸರಗೋಡಿನ ಜಿಲ್ಲಾ ವೃಕ್ಷ. ಹೊಳಪಿನ ಎಲೆ, ಬುಡದಿಂದ ಉದ್ದಕ್ಕೆ ಎದ್ದು ಕಾಣುವ ನರಗಳು, ಚಿಕ್ಕ ಕಿತ್ತಳೆಯಂಥ ಗುಂಡಗಿನ ಹಣ್ಣು. ಹಣ್ಣೊಡೆದರೆ ಬಿಳಿ ತಿರುಳಿನೊಳಗೆ ಬಿಲ್ಲೆಯಂತೆ ಚಪ್ಪಟೆ ಬೀಜ. ಅದರಲ್ಲಿರುವುದು ಸ್ಟ್ರಿಕ್ನಿನ್, ಪ್ರಾಣ ತೆಗೆಯುವ ವಿಷ. ನೆಲಕ್ಕೆ ಬಿದ್ದ ಹಣ್ಣು ಚೆಂಡಾಟಕ್ಕೂ ಬೇಡ. ಮುಟ್ಟಿದ್ದರೆ ಕೈ ತೊಳೆದೇ ಬುತ್ತಿ ಬಿಚ್ಚುವುದು.

ಸ್ವಲ್ಪ ದೊಡ್ಡ ಮಕ್ಕಳಿದ್ದರೆ ಇನ್ನೊಂದು ಬೆಳಗ್ಗೆ ಅಡೂರಿಗೆ ಹೋಗಬಹುದು. ಚೆರ್ಕಳದಿಂದ ಮುಳ್ಳೇರಿಯ ದಾಟಿ ಜಾಲ್ಸೂರಿನ ಕಡೆಗೆ ಹೋದರೆ ಅದು ಸಿಗುತ್ತದೆ, ಮಹಾಲಿಂಗೇಶ್ವರ ದೇವಸ್ಥಾನದ ಬದಿಯಲ್ಲೇ ಪಯಸ್ವಿನಿ. ಅಲ್ಲಿ ನೋಡುವುದಷ್ಟೇ, ಇಳಿಯುವುದಿಲ್ಲ. ಇದೇ ನೀರು ಕೆಳಗೆ ಚಂದ್ರಗಿರಿಯಾಗುತ್ತದೆ. ಜಿಲ್ಲೆಯ ಹೆಮ್ಮೆಯ ಜೀವಿಯೆಂದು ಘೋಷಿಸಿದ ದೊಡ್ಡ ಮೆದುಚಿಪ್ಪಿನ ಆಮೆ ಆ ಹೊಳೆಯಲ್ಲಿ ಉಂಟು. ಹೆಚ್ಚಿನ ಹೊತ್ತು ಮರಳಿನಲ್ಲಿ ಹೂತು ಕಣ್ಣು, ಬಾಯಿ ಮಾತ್ರ ಹೊರಗಿಡುವ ಪ್ರಾಣಿ, ಹಾಗಾಗಿ ಕಾಣುವ ಆಸೆ ಹುಟ್ಟಿಸಬೇಡಿ.

ತೋಡಿನ ನಡಿಗೆಗೆ ಜನವರಿಯಿಂದ ಮಾರ್ಚ್ ಸರಿಯಾದ ಕಾಲ. ಅದಕ್ಕಿಂತ ಮೊದಲು ರಕ್ತ ಹೀರುವ ಉಂಬುಳ, ಆಮೇಲೆ ನೀರು ಹಳತಾಗಿ ಪಾಚಿ. ಹಿಂಬದಿಗೆ ಪಟ್ಟಿಯಿರುವ ಚಪ್ಪಲಿ ಹಾಕಿಸಿ, ಹವಾಯಿ ಚಪ್ಪಲಿ ಕೆಸರಿನಲ್ಲೇ ಉಳಿಯುತ್ತದೆ. ಬದಲಿ ಬಟ್ಟೆ ತಲೆಗೆ ಎರಡು ಜೊತೆ ಇರಲಿ. ತಿಂಡಿ ಬದಿಯಡ್ಕದಲ್ಲೇ ಕಟ್ಟಿಸಿಕೊಳ್ಳುವುದು ಒಳ್ಳೆಯದು, ಗೋಳಿಬಜೆ ತಣಿದರೆ ರಬ್ಬರು, ಬನ್ಸ್ ಆದರೆ ಸಂಜೆಯವರೆಗೂ ನಡೆಯುತ್ತದೆ. ಒಳಊರಿಗೆ ಬಸ್ಸು ಕಡಿಮೆ. ಇಳಿಯುವಾಗಲೇ ಕಂಡಕ್ಟರರಲ್ಲಿ ಕೊನೆಯ ಬಸ್ಸಿನ ಹೊತ್ತು ಕೇಳಿಟ್ಟುಕೊಳ್ಳಿ.