ನನ್ನ ಟಿಎಸ್‌ಎಚ್ ನೋಡೋರು ಯಾರು?

ರಕ್ತದಲ್ಲಿ ಟಿಎಸ್‌ಎಚ್ ಏರಿದೆ, ಅಂದರೆ ಥೈರಾಯ್ಡ್ ಹಾರ್ಮೋನ್ ಕಡಿಮೆ ಇದೆ ಅಂತ ಗೊತ್ತಾದಾಗ ನನಗೆ 23 ವರ್ಷ, ತುಮಕೂರಲ್ಲಿದ್ದೆ. ಅವತ್ತಿಂದ ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ, ಅರ್ಧ ಗಂಟೆ ಬಿಟ್ಟು ಕಾಫಿ. ಎಂಟು ವರ್ಷ ಹೀಗೇ ನಡೆದು ಅದೊಂದು ಕಾಯಿಲೆ ಅನ್ನೋದೇ ಮರೆತುಹೋಗಿತ್ತು. ಮದುವೆಯಾಗಿ ಇಂಗ್ಲೆಂಡಿಗೆ ಬಂದು, ಬರ್ಮಿಂಗ್‌ಹ್ಯಾಮ್‌ನಲ್ಲಿ ಬಸುರಿಯಾದ ಮೇಲೆ ಎಲ್ಲ ನೆನಪಾಯಿತು.

ಇಲ್ಲಿ ಬಸುರಿ ಅಂತ ಗೊತ್ತಾದ ಕೂಡಲೇ ಸ್ತ್ರೀರೋಗ ತಜ್ಞರ ಹತ್ತಿರ ಓಡೋದಿಲ್ಲ. ಮೊದಲು ಸಿಗೋದು ಮಿಡ್‌ವೈಫ್, ಅಂದರೆ ಬಸುರಿ-ಬಾಣಂತಿಯರ ಆರೈಕೆಗೆಂದೇ ಓದಿದವರು. ಹತ್ತು ವಾರದೊಳಗೆ ಮೊದಲ ಭೇಟಿ ಆಗಬೇಕು. ಎಲ್ಲ ಸರಿ ಇದ್ದರೆ ಕೊನೆವರೆಗೂ ಅವರೇ ನೋಡುತ್ತಾರೆ, ಹೆರಿಗೆಯನ್ನೂ ಅವರೇ ಮಾಡಿಸುತ್ತಾರೆ. ಕಾಯಿಲೆ ಇದ್ದರೆ ಮಾತ್ರ ದೊಡ್ಡ ಡಾಕ್ಟರಿಗೂ ಕಳಿಸುತ್ತಾರೆ. ನಾನು ಬೇಕು ಅಂತ ಕೇಳಿದ್ದು ಮಿಡ್‌ವೈಫ್ ಆರೈಕೆಯನ್ನೇ.

ಫೋನಲ್ಲಿ ಹೇಳಿದಾಗ ಅಮ್ಮ ಹೆದರಿದರು. ಅಮ್ಮನ ತವರು ಪಾವಗಡದ ಕಡೆ, ಸೂಲಗಿತ್ತಿ ನರಸಮ್ಮ ಅವರ ಸೀಮೆ. ಕಾಸು ತಗೊಳ್ಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, 2018ರಲ್ಲಿ ಪದ್ಮಶ್ರೀ ಬಂತು. ಅಮ್ಮನಿಗೆ ಅವರ ಬಗ್ಗೆ ಅಪಾರ ಗೌರವ. ಆದರೂ, "ಆಗ ನಮ್ಮೂರ ಕಡೆ ಡಾಕ್ಟರೇ ಇರ್ಲಿಲ್ಲ ಕಣೆ, ಅದಕ್ಕೇ ಸೂಲಗಿತ್ತಿ. ನಿನಗೇನಾಗಿದೆ, ಅದೂ ಕಾಯಿಲೆ ಇಟ್ಕೊಂಡು?" ಅಂದರು. ಇಲ್ಲಿನ ಮಿಡ್‌ವೈಫ್ ಮೂರು ವರ್ಷ ಡಿಗ್ರಿ ಓದಿ, ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿಕೊಂಡಿರುತ್ತಾರೆ, ತಮ್ಮ ಕೈ ಮೀರಿದ್ದನ್ನು ಡಾಕ್ಟರಿಗೆ ಒಪ್ಪಿಸೋದೂ ಅವರ ಕೆಲಸವೇ ಅಂತ ಎಷ್ಟು ಬಿಡಿಸಿ ಹೇಳಿದರೂ ಅಮ್ಮನಿಗೆ ಸಮಾಧಾನ ಆಗಲಿಲ್ಲ. ಅಮ್ಮನ ಭಯ ಸುಳ್ಳೂ ಆಗಿರಲಿಲ್ಲ.

ಯಾಕಂದ್ರೆ ಶುರುವಿನಲ್ಲೇ ಒಂದು ಎಡವಟ್ಟಾಯಿತು. ಐದನೇ ವಾರದಲ್ಲಿ ಟೆಸ್ಟ್ ಮಾಡಿಕೊಂಡ ದಿನವೇ ಮನೆ ಹತ್ತಿರದ ಕ್ಲಿನಿಕ್‌ಗೆ ಫೋನ್ ಮಾಡಿದೆ. "ಅದನ್ನೆಲ್ಲ ಮಿಡ್‌ವೈಫ್ ನೋಡ್ತಾರೆ" ಅಂದರು. ಒಂಬತ್ತನೇ ವಾರದಲ್ಲಿ ಮಿಡ್‌ವೈಫ್ ನನ್ನನ್ನೇ ಕೇಳಿದರು: "ಕ್ಲಿನಿಕ್‌ನವರು ಡೋಸ್ ಎಷ್ಟು ಏರಿಸಿದರು?" ಯಾರೂ ಏರಿಸಿರಲಿಲ್ಲ. ರಕ್ತ ಪರೀಕ್ಷೆ ಮಾಡಿದರೆ ಟಿಎಸ್‌ಎಚ್ 6.8. ನನಗೆ ಹೇಳಿದ್ದು 2.5ರ ಒಳಗಿರಬೇಕು ಅಂತ.

ಮೊದಲ ಮೂರು ತಿಂಗಳು ಮಗುವಿನ ಥೈರಾಯ್ಡ್ ಗ್ರಂಥಿ ಕೆಲಸವನ್ನೇ ಶುರು ಮಾಡಿರುವುದಿಲ್ಲ, ಅದಕ್ಕೆ ಬೇಕಾದ ಹಾರ್ಮೋನ್ ಪೂರ್ತಿ ಅಮ್ಮನಿಂದಲೇ ಹೋಗಬೇಕು. ಅದಕ್ಕೇ ಬಸುರಿ ಅಂತ ಗೊತ್ತಾದ ಕೂಡಲೇ ಇದ್ದ ಡೋಸ್‌ಗೆ ಇನ್ನೂ 25–50 ಎಂಸಿಜಿ (ಮೈಕ್ರೋಗ್ರಾಂ) ಸೇರಿಸೋದು ವಾಡಿಕೆ. ನನ್ನ ವಿಷಯದಲ್ಲಿ ನಾಲ್ಕು ವಾರ ಸುಮ್ನೆ ಕಳೆದುಹೋಗಿತ್ತು. ಅವತ್ತು ರಾತ್ರಿ ತುಂಬಾ ಅತ್ತೆ. ಆದರೆ ಮಿಡ್‌ವೈಫ್ ರಿಪೋರ್ಟ್ ಬಂದ ಗಳಿಗೆಯಲ್ಲೇ ಕ್ಲಿನಿಕ್‌ಗೆ ಫೋನ್ ಮಾಡಿ, ಸಂಜೆಯೊಳಗೆ 75ರ ಮಾತ್ರೆ 100 ಆಗುವಂತೆ ಮಾಡಿದರು. ಆಮೇಲೆ ನನ್ನ ಫೈಲಿನ (ನಮ್ಮ ತಾಯಿ ಕಾರ್ಡ್ ಇದ್ದ ಹಾಗೆ) ಮೊದಲ ಪುಟದಲ್ಲೇ ದೊಡ್ಡದಾಗಿ ಬರೆದರು: "ನಾಲ್ಕು ವಾರಕ್ಕೊಮ್ಮೆ ಟಿಎಸ್‌ಎಚ್, ರಿಪೋರ್ಟ್ ನೋಡೋದು ನಾನು, ಡೋಸ್ ಬದಲಿಸೋದು ಡಾಕ್ಟರ್."

ಕಾಯಿಲೆ ಇರುವ ಬಸುರಿಯರು ಮೊದಲ ದಿನವೇ ಕೇಳಬೇಕಾದ್ದು ಇದು ಅಂತ ನನಗೆ ಈಗ ಅನಿಸುತ್ತದೆ. ಮಿಡ್‌ವೈಫಾ ಡಾಕ್ಟರಾ ಅನ್ನೋದಕ್ಕಿಂತ ಮೊದಲು, ನನ್ನ ಕಾಯಿಲೆಯನ್ನು ಇಬ್ಬರಲ್ಲಿ ಯಾರು ನೋಡ್ತೀರಿ? ಹೆಸರು ಬರೆದುಕೊಡಿ.

ಹದಿನಾರನೇ ವಾರದಲ್ಲಿ ಆಸ್ಪತ್ರೆಯ ದೊಡ್ಡ ಡಾಕ್ಟರ್ ಸಿಕ್ಕರು. ಒಳ್ಳೆಯವರು, ಆದರೆ ಹತ್ತೇ ನಿಮಿಷ. ಆಸ್ಪತ್ರೆಯ ಅದೇ ಕಟ್ಟಡದಲ್ಲಿ ಮಿಡ್‌ವೈಫ್‌ಗಳೇ ನಡೆಸುವ ಬರ್ತ್ ಸೆಂಟರ್ ಇತ್ತು, ಹೆರಿಗೆ ಅಲ್ಲಿ ಆಗಲಿ ಅಂತ ನನ್ನಾಸೆ. ಇಲ್ಲಿನ ಮಾರ್ಗಸೂಚಿಯಲ್ಲಿ, ಚಿಕಿತ್ಸೆ ಬದಲಿಸಬೇಕಾಗುವಷ್ಟು ಥೈರಾಯ್ಡ್ ಏರುಪೇರಾಗುತ್ತಿದ್ದರೆ ಅಂಥವರ ಬಗ್ಗೆ ಒಬ್ಬೊಬ್ಬರನ್ನೂ ನೋಡಿ ತೀರ್ಮಾನಿಸಬೇಕು ಅಂತಿದೆ. 2011ರಲ್ಲಿ ಇಂಗ್ಲೆಂಡಿನ ಸುಮಾರು 64,000 ಹೆರಿಗೆಗಳ ಒಂದು ದೊಡ್ಡ ಅಧ್ಯಯನ ಬಂತು. ಇಂಥ ಸೆಂಟರ್‌ಗಳಲ್ಲಿ ಮಗುವಿಗೆ ಅಪಾಯ ಹೆಚ್ಚಲ್ಲ, ಸಿಸೇರಿಯನ್ ಕಡಿಮೆ ಅಂತ ಅದರಲ್ಲಿ ಕಂಡುಬಂತು. ಎಲ್ಲರೂ ಅದನ್ನೇ ತೋರಿಸುತ್ತಾರೆ. ಆದರೆ ಅದು ನಡೆದದ್ದು ಅಪಾಯ ಕಡಿಮೆ ಇದ್ದ ಹೆಂಗಸರ ಮೇಲೆ, ಕಾಯಿಲೆ ಇರುವ ನಾವು ಅದನ್ನು ಹಾಗೇ ನಮ್ಮದು ಅಂದುಕೊಳ್ಳೋದು ತಪ್ಪು. ಅದರಲ್ಲೇ ಇನ್ನೊಂದು ಲೆಕ್ಕ ಇದೆ: ಆಸ್ಪತ್ರೆ ಪಕ್ಕದ ಸೆಂಟರ್‌ಗೆ ಹೋದ ಚೊಚ್ಚಲ ಬಸುರಿಯರಲ್ಲಿ ನೂರಕ್ಕೆ ಸುಮಾರು 40 ಮಂದಿಯನ್ನು ಡಾಕ್ಟರ್ ಇರುವ ವಾರ್ಡ್‌ಗೆ ಕಳಿಸಬೇಕಾಯಿತು. ಇದನ್ನೆಲ್ಲ ಮುಂದಿಟ್ಟುಕೊಂಡು ಮಾತಾಡಿ, ಥೈರಾಯ್ಡ್ ಹದದಲ್ಲಿದ್ದು ಬಿಪಿ ಏರದಿದ್ದರೆ ಸೆಂಟರ್, ಇಲ್ಲದಿದ್ದರೆ ವಾರ್ಡ್ ಅಂತ ಒಪ್ಪಿಕೊಂಡೆವು.

ಮಿಡ್‌ವೈಫ್ ಬೇಕು ಅಂತ ನಾನು ಯಾಕೆ ಹಟ ಹಿಡಿದೆ ಅಂತ ಕೇಳಿದರೆ ಈ ಒಂದು ದಿನದ ಕಥೆ ಹೇಳುತ್ತೇನೆ. 28ನೇ ವಾರದಲ್ಲಿ ಹಿಮೋಗ್ಲೋಬಿನ್ ಕಡಿಮೆ ಅಂತ ಐರನ್ ಮಾತ್ರೆ ಬರೆದುಕೊಟ್ಟರು. ನಾಲ್ಕು ವಾರ ಬಿಟ್ಟು ನೋಡಿದರೆ, ಹದಕ್ಕೆ ಬಂದಿದ್ದ ಟಿಎಸ್‌ಎಚ್ ಮತ್ತೆ ಏರಿದೆ. ಡೋಸ್ ಜಾಸ್ತಿ ಮಾಡೋದು ಸುಲಭವಿತ್ತು. ಮಿಡ್‌ವೈಫ್ ಮಾತ್ರ ಪೆನ್ ಕೆಳಗಿಟ್ಟು, "ಬೆಳಗ್ಗೆ ಎದ್ದ ಮೇಲೆ ಏನೇನು ಮಾಡ್ತೀಯ, ಒಂದೊಂದೇ ಹೇಳು" ಅಂದರು. ಹೇಳಿದೆ. ಮರೆಯಬಾರದು ಅಂತ ಥೈರಾಯ್ಡ್ ಮಾತ್ರೆ, ಐರನ್ ಎರಡನ್ನೂ ಒಟ್ಟಿಗೇ ನುಂಗುತ್ತಿದ್ದೆ! ಐರನ್ ಇರಲಿ, ಕ್ಯಾಲ್ಸಿಯಂ ಇರಲಿ, ಥೈರಾಯ್ಡ್ ಮಾತ್ರೆಯಿಂದ ನಾಲ್ಕು ಗಂಟೆ ದೂರ ಇಡಬೇಕು, ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆ ಸರಿಯಾಗಿ ಮೈಗೆ ಹತ್ತೋದಿಲ್ಲ. ಬೆಳಗ್ಗೆ ಆರಕ್ಕೆ ಥೈರಾಯ್ಡ್, ಮಧ್ಯಾಹ್ನ ಕಿತ್ತಳೆ ರಸದ ಜೊತೆ ಐರನ್ ಅಂತ ಬರೆದುಕೊಟ್ಟರು. ಮುಂದಿನ ಸಲ ಟಿಎಸ್‌ಎಚ್ ಇಳಿದಿತ್ತು, ಡೋಸ್ ಮುಟ್ಟಲೇ ಇಲ್ಲ.

ಎಲ್ಲ ಕಾಯಿಲೆಗೂ ಇದೇ ದಾರಿ ಅಲ್ಲ. ನನ್ನ ಗೆಳತಿಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ, ಇನ್ಸುಲಿನ್ ಮೇಲಿದ್ದಾಳೆ. ಅವಳನ್ನು ಒಂದೆರಡು ವಾರಕ್ಕೊಮ್ಮೆ ಡಾಕ್ಟರ್‌ಗಳ ತಂಡವೇ ನೋಡುತ್ತಿತ್ತು, ಹೆರಿಗೆಯೂ ಇನ್ಸುಲಿನ್ ಡ್ರಿಪ್ ಹಾಕಿಯೇ ವಾರ್ಡ್‌ನಲ್ಲಿ ಆಯಿತು. ಹೃದಯದ ತೊಂದರೆ, ಫಿಟ್ಸ್ ಇದ್ದವರಿಗೂ ಡಾಕ್ಟರೇ ಮುಂದಿರಬೇಕು. ಆದರೆ ಆ ವಾರ್ಡ್‌ನಲ್ಲೂ ಅವಳ ಪಕ್ಕ ಕೂತು ಬೆನ್ನು ಸವರಿದ್ದು ಮಿಡ್‌ವೈಫೇ. ಭಾರತದಲ್ಲೂ ಸರ್ಕಾರ 2018ರಿಂದ ನರ್ಸ್‌ಗಳಿಗೆ ಇದಕ್ಕೆಂದೇ 18 ತಿಂಗಳ ತರಬೇತಿ ಕೊಡಿಸಲು ಹೊರಟಿದೆ, ಬೆಂಗಳೂರಿನ ಕೆಲವು ಖಾಸಗಿ ಆಸ್ಪತ್ರೆಗಳಲ್ಲಿ ಮಿಡ್‌ವೈಫ್ ಸಿಗುತ್ತಾರೆ. ನಿಮಗೆ ಸಿಕ್ಕರೆ ನಾನು ಹೇಳಿದ ಪ್ರಶ್ನೆ ಮರೆಯದೆ ಕೇಳಿ.

ನನ್ನ ಹೆರಿಗೆ ಸೆಂಟರ್‌ನಲ್ಲಿ ಶುರುವಾಯಿತು, ಮುಗಿದದ್ದು ವಾರ್ಡ್‌ನಲ್ಲಿ. ಹದಿನಾಲ್ಕು ಗಂಟೆ ನೋವು ತಿಂದ ಮೇಲೆ ನಾನೇ ಎಪಿಡ್ಯೂರಲ್ (ನೋವು ತಗ್ಗಿಸಲು ಬೆನ್ನಿಗೆ ಕೊಡುವ ಇಂಜೆಕ್ಷನ್) ಕೇಳಿದೆ, ಅದು ವಾರ್ಡ್‌ನಲ್ಲೇ ಸಿಗೋದು. ಮಿಡ್‌ವೈಫ್ ನನ್ನ ಜೊತೆಯಲ್ಲೇ ಬಂದರು, ಮಗುವನ್ನು ಎದೆ ಮೇಲಿಟ್ಟಿದ್ದೂ ಅವರೇ.

ಐದನೇ ದಿನ ಮಿಡ್‌ವೈಫ್ ಮನೆಗೆ ಬಂದು, ಮಗಳ ಹಿಮ್ಮಡಿ ಚುಚ್ಚಿ ನಾಲ್ಕು ಹನಿ ರಕ್ತವನ್ನು ಕಾರ್ಡ್ ಮೇಲೆ ತೆಗೆದುಕೊಂಡರು. ಇಲ್ಲಿ ಎಲ್ಲ ಮಕ್ಕಳಿಗೂ ಮಾಡುತ್ತಾರೆ. ಅದರಲ್ಲಿ ನೋಡುವ ಕಾಯಿಲೆಗಳಲ್ಲಿ ಥೈರಾಯ್ಡ್ ಕೂಡ ಒಂದು. ಅಮ್ಮ ವಿಡಿಯೋ ಕಾಲ್‌ನಲ್ಲಿದ್ದರು. ಕೆಲವು ವಾರ ಬಿಟ್ಟು ರಿಪೋರ್ಟ್ ಬಂತು, ಮಗಳಿಗೆ ಏನೂ ಇಲ್ಲ ಅಂತ. ಅಮ್ಮ ಮೊದಲು ಕೇಳಿದ್ದು, "ಆಯಮ್ಮನಿಗೆ ಹೇಳಿದ್ಯಾ?"