ಎರಡು ಹೊಳೆ, ಐದು ಊರು: ಮೈಸೂರಿನ ಸುತ್ತಮುತ್ತ

ಮೈಸೂರಿಗೆ ಹೊಸದಾಗಿ ಬಂದು ನೆಲೆಸಿದವರು ಮೊದಲ ತಿಂಗಳಲ್ಲೇ ಅರಮನೆ, ಚಾಮುಂಡಿಬೆಟ್ಟ, ಮೃಗಾಲಯ ಎಲ್ಲ ಮುಗಿಸಿಬಿಡುತ್ತಾರೆ. ಆಮೇಲೆ ಒಂದು ಭಾನುವಾರ ಕಾರು ಹತ್ತಿ ಶ್ರೀರಂಗಪಟ್ಟಣ, ಸೋಮನಾಥಪುರ, ತಲಕಾಡು, ನಂಜನಗೂಡು ನಾಲ್ಕನ್ನೂ ಸುತ್ತಿ ಬರುವ ಯೋಜನೆ ಹಾಕುತ್ತಾರೆ. ದೂರ ನೋಡಿದರೆ ಇದೇನೂ ದೊಡ್ಡದಲ್ಲ, ಯಾವ ಊರೂ ಐವತ್ತು ಕಿಲೋಮೀಟರ್ ಆಚೆಗಿಲ್ಲ. ಕೈಕೊಡುವುದು ಗಡಿಯಾರ. ಪೂಜೆ ನಡೆಯುವ ದೇವಸ್ಥಾನಗಳು ಮಧ್ಯಾಹ್ನ ಒಂದರ ಸುಮಾರಿಗೆ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ನಾಲ್ಕರ ಮೇಲೆ. ಪುರಾತತ್ವ ಇಲಾಖೆಯ ಸ್ಮಾರಕಗಳು ಮಧ್ಯಾಹ್ನವೆಲ್ಲ ತೆರೆದಿದ್ದು ಸಂಜೆ ಬೇಗ ಮುಚ್ಚುತ್ತವೆ. ಈ ಎರಡು ಲೆಕ್ಕ ಹೊಂದಿಸದೆ ಹೊರಟವರು ಮುಚ್ಚಿದ ಬಾಗಿಲುಗಳನ್ನೇ ನೋಡಿಕೊಂಡು ಬರುತ್ತಾರೆ. ಬೆಳಿಗ್ಗೆಗೆ ದೇವಸ್ಥಾನ, ಮಧ್ಯಾಹ್ನಕ್ಕೆ ಸ್ಮಾರಕ, ಸಂಜೆಗೆ ಹೊಳೆ ದಂಡೆ ಎಂದು ಇಟ್ಟುಕೊಂಡು ಎರಡೂವರೆ ದಿನಕ್ಕೆ ಹಂಚಿದರೆ ಸುತ್ತಾಟ ಹಗುರಾಗುತ್ತದೆ.

ಹಂಚುವಾಗ ಹೊಳೆಯನ್ನು ಹಿಡಿದು ಹೋಗುವುದು ಒಳ್ಳೆಯದು. ಇಲ್ಲಿನ ಒಂದೊಂದು ಊರೂ ನೀರಿನ ಜೊತೆ ಒಂದೊಂದು ಬಗೆಯ ಸಂಬಂಧ ಇಟ್ಟುಕೊಂಡಿದೆ. ಒಂದಕ್ಕೆ ಹೊಳೆಯೇ ಕೋಟೆ, ಇನ್ನೊಂದನ್ನು ಹೊಳೆ ಮರಳಿನಡಿ ಹೂತಿತು, ಮತ್ತೊಂದರ ಮೆಟ್ಟಿಲಿಗೆ ಪ್ರತಿ ಮಳೆಗಾಲ ನೀರು ಏರುತ್ತದೆ.

ಶ್ರೀರಂಗಪಟ್ಟಣಕ್ಕೆ ಪೂರ್ತಿ ಒಂದು ದಿನ ಬೇಕು. ಮೈಸೂರಿನಿಂದ ಹದಿನೈದು ಕಿಲೋಮೀಟರ್ ದೂರದಲ್ಲಿ ಕಾವೇರಿ ಎರಡು ಕವಲಾಗಿ ಒಡೆಯುತ್ತದೆ. ನಡುವೆ ಸುಮಾರು ಐದು ಕಿಲೋಮೀಟರ್ ಉದ್ದದ ದ್ವೀಪ. ಪಶ್ಚಿಮದ ತುದಿಯಲ್ಲಿ ಕೋಟೆ, ನಡುವೆ ದರಿಯಾ ದೌಲತ್, ಅದರಾಚೆ ಗಂಜಾಂ ಮತ್ತು ಗುಂಬಜ್, ಪೂರ್ವದ ತುದಿಯಲ್ಲಿ ಕವಲುಗಳು ಮತ್ತೆ ಕೂಡುವ ಸಂಗಮ. ಪಶ್ಚಿಮದಿಂದ ಪೂರ್ವಕ್ಕೆ ಒಂದೇ ದಿಕ್ಕಿನಲ್ಲಿ ಹೋದರೆ ಅಲೆದಾಟ ತಪ್ಪುತ್ತದೆ. ಸೈಕಲ್ ಇದ್ದವರಿಗೆ ಇದಕ್ಕಿಂತ ಒಳ್ಳೆಯ ಊರಿಲ್ಲ, ಏರುತಗ್ಗು ಕಡಿಮೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕು, ಆಟೋಗಳಿಗೆ 2023ರ ಆಗಸ್ಟ್‌ನಿಂದ ಪ್ರವೇಶವಿಲ್ಲ. ದ್ವಿಚಕ್ರದವರು ಸರ್ವೀಸ್ ರಸ್ತೆಯನ್ನೇ ಹಿಡಿಯಬೇಕು. ರೈಲಿನಲ್ಲಿ ಹೋಗುವುದಾದರೆ ಪ್ಯಾಸೆಂಜರ್ ಗಾಡಿ ನೋಡಿಕೊಳ್ಳಿ. ಎಕ್ಸ್‌ಪ್ರೆಸ್‌ಗಳಲ್ಲಿ ಹಲವು ಇಲ್ಲಿ ನಿಲ್ಲುವುದಿಲ್ಲ.

ಮೊದಲು ರಂಗನಾಥ. ಕ್ರಿ.ಶ. 894ರಲ್ಲಿ ಗಂಗರ ಸಾಮಂತ ತಿರುಮಲಯ್ಯ ಕಟ್ಟಿಸಿದ ಗುಡಿಯಿಂದ ಶುರುವಾಗಿ ಹೊಯ್ಸಳರು, ವಿಜಯನಗರದವರು, ಒಡೆಯರು ಎಲ್ಲರ ಕೈ ಇದರ ಮೇಲೆ ಬಿದ್ದಿದೆ. ಕಾವೇರಿಯ ಮೂರು ದ್ವೀಪಗಳ ಮೂರು ರಂಗನಾಥರಲ್ಲಿ ಇವನು ಆದಿರಂಗ. ಶಿವನಸಮುದ್ರದಲ್ಲಿರುವವನು ಮಧ್ಯರಂಗ, ತಮಿಳುನಾಡಿನ ಶ್ರೀರಂಗದವನು ಅಂತ್ಯರಂಗ. ಎಂಟು ಗಂಟೆಯೊಳಗೆ ಹೋದರೆ ಸಾಲು ಚಿಕ್ಕದಿರುತ್ತದೆ. ವೈಕುಂಠ ಏಕಾದಶಿ ಮತ್ತು ಸಂಕ್ರಾಂತಿಯ ದಿನ ಮಾತ್ರ ಇತಿಹಾಸ ನೋಡಲು ಬರುವ ಯೋಚನೆ ಬಿಟ್ಟುಬಿಡಿ.

1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಈ ಪಟ್ಟಣವನ್ನು ಗೆದ್ದರು. ಮೈಸೂರು ಅರಸರ ದಸರಾ ಮೊದಲು ನಡೆದದ್ದು ಮೈಸೂರಿನಲ್ಲಲ್ಲ, ಆ ವರ್ಷ ಇಲ್ಲಿ. ಅಂದಿನಿಂದ 1799ರವರೆಗೆ ರಾಜಧಾನಿ ಇದೇ. ಸೋತ ಪ್ರತಿನಿಧಿ ಹೋಗಿ ಸೇರಿದ್ದು ತಲಕಾಡಿಗೆ. ಎರಡನೇ ದಿನ ಅಲ್ಲಿಗೆ ಹೋದಾಗ ಇದು ನೆನಪಿನಲ್ಲಿರಲಿ.

ಕೋಟೆಯೊಳಗಿನ ಗುರುತುಗಳನ್ನು ಫಲಕ ಓದಿ ಮುಂದೆ ಹೋದರೆ ಬಿಡಿಬಿಡಿಯಾಗಿ ಕಾಣುತ್ತವೆ. ಅವನ್ನು ಒಂದೇ ಎಳೆಯಲ್ಲಿ ಪೋಣಿಸಬಹುದು. ಉತ್ತರದ ಗೋಡೆಗೆ ಒತ್ತಿಕೊಂಡು, ಹೊಳೆಯ ಕಡೆಗೆ ತಗ್ಗಿನಲ್ಲಿ ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ಬೇಲಿಯ (Baillie) ಸೆರೆಮನೆ ಇದೆ. ಕೈದಿಗಳನ್ನು ಕಟ್ಟಿಹಾಕುತ್ತಿದ್ದ ತೂತುಳ್ಳ ಕಲ್ಲುಗಳು ಗೋಡೆಯಿಂದ ಈಗಲೂ ಚಾಚಿಕೊಂಡಿವೆ. ಈ ಬೇಲಿ 1780ರ ಪೊಳ್ಳಿಲೂರು ಯುದ್ಧದಲ್ಲಿ ಹೈದರ್ ಮತ್ತು ಟಿಪ್ಪುವಿನ ಪಡೆಗೆ ಸೋತು ಸಿಕ್ಕಿಬಿದ್ದವನು, 1782ರಲ್ಲಿ ಸೆರೆಯಲ್ಲೇ ಸತ್ತ. ಅದೇ ಯುದ್ಧದಲ್ಲಿ ಸಿಕ್ಕಿಬಿದ್ದ ಇನ್ನೊಬ್ಬ ಡೇವಿಡ್ ಬೇರ್ಡ್, ಮೂರು ವರ್ಷಕ್ಕೂ ಹೆಚ್ಚು ಕಾಲ ಈ ಊರಿನಲ್ಲಿ ಬಂದಿಯಾಗಿದ್ದು ಬಿಡುಗಡೆಯಾದ. 1799ರ ಮೇ 4ರಂದು ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಅವನೇ. ನೀರು ಬಾಗಿಲಿನ ಹತ್ತಿರ ಟಿಪ್ಪುವಿನ ದೇಹ ಸಿಕ್ಕ ಜಾಗಕ್ಕೆ ಒಂದು ಕಲ್ಲು ನೆಟ್ಟಿದ್ದಾರೆ. ಸೆರೆಮನೆಯಿಂದ ಅಲ್ಲಿಗೆ ನಡೆದೇ ಹೋಗಬಹುದು.

ಮೇ ತಿಂಗಳೇ ಏಕೆ ಎಂಬುದಕ್ಕೆ ಉತ್ತರ ಹೊಳೆಯಲ್ಲಿದೆ. ಬೇಸಿಗೆಯ ಕೊನೆಗೆ ಕಾವೇರಿ ಕಲ್ಲು ಕಾಣುವಷ್ಟು ಇಳಿಯುತ್ತದೆ, ಜೂನ್‌ನಲ್ಲಿ ಕೊಡಗಿಗೆ ಮಳೆ ಹಿಡಿದರೆ ದಾಟುವ ಮಾತಿಲ್ಲ. ಬ್ರಿಟಿಷರು ಮುಗಿಸಬೇಕಾದದ್ದು ಆ ಸಂದಿಯಲ್ಲಿ, ಟಿಪ್ಪು ತಳ್ಳಬೇಕಾದದ್ದು ಮಳೆಯವರೆಗೆ. ಏಪ್ರಿಲ್–ಮೇನಲ್ಲಿ ಒಮ್ಮೆ, ಆಗಸ್ಟ್‌ನಲ್ಲಿ ಇನ್ನೊಮ್ಮೆ ಪಶ್ಚಿಮದ ಗೋಡೆಯ ಮೇಲೆ ನಿಂತು ನೋಡಿದರೆ ಯಾವ ಪುಸ್ತಕವೂ ಬೇಡ. ಗೋಡೆ ಹತ್ತುವಾಗ ಸಡಿಲ ಕಲ್ಲು, ಪೊದೆಗಳ ಮೇಲೆ ಕಣ್ಣಿರಲಿ.

ದರಿಯಾ ದೌಲತ್ 1784ರ ಬೇಸಿಗೆ ಅರಮನೆ, ಹೆಚ್ಚಿನ ಭಾಗ ತೇಗ. ಇಲ್ಲಿ ಜನ ಹತ್ತು ನಿಮಿಷದಲ್ಲಿ ಹೊರಗೆ ಬರುತ್ತಾರೆ, ಮುಕ್ಕಾಲು ಗಂಟೆ ಕೊಡಬೇಕಾದ ಜಾಗ ಇದು. ಪಶ್ಚಿಮದ ಗೋಡೆಯ ತುಂಬ ಪೊಳ್ಳಿಲೂರು ಯುದ್ಧದ ಚಿತ್ರ. ಪಲ್ಲಕ್ಕಿಯಲ್ಲಿ ಗಾಯಗೊಂಡು ಕುಳಿತವನು ಅದೇ ಬೇಲಿ. ಬೆಳಿಗ್ಗೆ ನೋಡಿದ ಸೆರೆಮನೆಯ ಕಥೆಗೆ ಮುಖ ಸಿಗುವುದು ಈ ಗೋಡೆಯ ಮೇಲೆ. ಬಣ್ಣ ಇಷ್ಟು ಗಟ್ಟಿಯಾಗಿ ಕಾಣಲು ಬ್ರಿಟಿಷ್ ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದಲ್ಲಿ ಮತ್ತೆ ಬರೆಸಿದ್ದೂ ಕಾರಣ. ಬಿಸಿಲು ಬೀಳದಂತೆ ಸುತ್ತ ಪರದೆ ಇಳಿಬಿಟ್ಟಿರುವುದರಿಂದ ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಬೇಕು.

ಅಲ್ಲಿಂದ ಗುಂಬಜ್. ಹೈದರ್, ಅವನ ಹೆಂಡತಿ ಫಕ್ರುನ್ನಿಸಾ, ಟಿಪ್ಪು ಮೂವರ ಸಮಾಧಿ. ಸುತ್ತಲೂ 36 ಕರಿಕಲ್ಲಿನ ಕಂಬಗಳು, ದಂತ ಕೂರಿಸಿದ ಬಾಗಿಲುಗಳು ಡಾಲ್‌ಹೌಸಿ ಕೊಟ್ಟವು. ಇದು ಪ್ರಾರ್ಥನೆಯ ಜಾಗವೂ ಹೌದು, ಮಾತು ತಗ್ಗಿಸಿ ಒಳಗೆ ಹೋಗಬೇಕು. ಸಂಜೆಯ ನಿಮಿಷಾಂಬ ಗುಡಿ ಮತ್ತು ಸಂಗಮ ಹೇಗಿದ್ದರೂ ದಾರಿಯಲ್ಲಿ ಸಿಗುತ್ತವೆ. ಸಂಗಮದ ನೀರು ಶಾಂತವಾಗಿ ಕಾಣುತ್ತದೆ, ಆದರೆ ಎರಡು ಸೆಳೆತ ಕೂಡುವ ಜಾಗ, ಮೆಟ್ಟಿಲು ಬಿಟ್ಟು ಕೆಳಗೆ ಇಳಿಯಬಾರದು.

ರಂಗನತಿಟ್ಟನ್ನು ಇದೇ ದಿನಕ್ಕೆ ತುರುಕಬೇಡಿ. ಹತ್ತಿರವೇ, ನಿಜ. ಆದರೆ ಹಕ್ಕಿಗಳಿಗೆ ಬೆಳಗಿನ ಮೊದಲ ದೋಣಿ ಬೇಕು, ರಂಗನಾಥನಿಗೂ ಅದೇ ಹೊತ್ತು. ಗೂಡು ಕಟ್ಟಿ ಮರಿ ಮಾಡುವ ಗದ್ದಲ ನೋಡಬೇಕೆಂದರೆ ಜನವರಿಯಿಂದ ಮೇ. ಜುಲೈ–ಆಗಸ್ಟ್‌ನಲ್ಲಿ ಮೇಲಿನ ಕೆಆರ್‌ಎಸ್ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ತಿಟ್ಟುಗಳು ಮುಳುಗಿ ದೋಣಿ ನಿಲ್ಲುತ್ತದೆ, ಹೊರಡುವ ಮೊದಲು ಆ ದಿನದ ಪತ್ರಿಕೆಯಲ್ಲಿ ಹೊರಹರಿವು ನೋಡಿಕೊಳ್ಳಿ.

ಎರಡನೇ ದಿನ ತಲಕಾಡು, ಸೋಮನಾಥಪುರ. ಗೂಗಲ್ ನಕ್ಷೆ ತೋರಿಸುವ ಕ್ರಮದಲ್ಲಿ ಹೋದರೆ ಮೊದಲು ಸಿಗುವುದು ಬನ್ನೂರು ದಾರಿಯ ಸೋಮನಾಥಪುರ, ಅದು ಮುಗಿಯುವಾಗ ಹನ್ನೊಂದಾಗಿರುತ್ತದೆ. ನೆತ್ತಿಯ ಬಿಸಿಲಿಗೆ ತಲಕಾಡಿನ ಮರಳಿನಲ್ಲಿ ಬರಿಗಾಲು! ತಿರುಗಿಸಿ ಮಾಡಿ: ಬೆಳಿಗ್ಗೆ ಆರೂವರೆಗೆ ಬಿಟ್ಟು ತಿರುಮಕೂಡಲು ನರಸೀಪುರದ ಮೇಲೆ ನೇರ ತಲಕಾಡಿಗೆ, ಮಧ್ಯಾಹ್ನ ವಾಪಸ್ಸು ಬರುವಾಗ ಸೋಮನಾಥಪುರ.

ನರಸೀಪುರದಲ್ಲಿ ಅರ್ಧ ಗಂಟೆ ಸಾಕು. ಕೊಡಗಿನ ಕಾವೇರಿಗೆ ವಯನಾಡಿನ ಕಪಿಲೆ, ಅಂದರೆ ಕಬಿನಿ, ಸೇರುವುದು ಇಲ್ಲಿ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವನ್ನೂ ಸೇರಿಸಿ ಮೂರರ ಕೂಡಲು. 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುತ್ತದೆ. ಗುಂಜಾ ನರಸಿಂಹನ ಕೈಯಲ್ಲಿ ಒಂದು ಗುಲಗಂಜಿ, ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಅದರ ಅರ್ಥ. ಹೆಚ್ಚುಗಾರಿಕೆಯನ್ನೂ ಇಷ್ಟು ಸಂಕೋಚದಿಂದ ಹೇಳಿಕೊಂಡ ಊರು ಬೇರೆ ಇರಲಾರದು. ತಿಂಡಿ ಇಲ್ಲೇ ಮುಗಿಸಿ, ನೀರಿನ ಬಾಟಲಿ ತುಂಬಿಸಿಕೊಳ್ಳಿ.

ತಲಕಾಡು ಗಂಗರ ರಾಜಧಾನಿ. ಹನ್ನೊಂದನೇ ಶತಮಾನದ ಆರಂಭದಲ್ಲಿ ಚೋಳರು ಗೆದ್ದು ರಾಜರಾಜಪುರ ಎಂದು ಹೆಸರಿಟ್ಟರು. 1116ರ ಹೊತ್ತಿಗೆ ಅವರನ್ನು ಓಡಿಸಿದ ವಿಷ್ಣುವರ್ಧನ ತಲಕಾಡುಗೊಂಡ ಎಂಬ ಬಿರುದು ಹೊತ್ತ, ಕೀರ್ತಿನಾರಾಯಣ ಗುಡಿ ಆ ಗೆಲುವಿನ ನೆನಪಿಗೆ. ಆಮೇಲಿನದು ಊರೆಲ್ಲ ಬಲ್ಲ ಕಥೆ. ಶ್ರೀರಂಗಪಟ್ಟಣದಿಂದ ಬಂದ ಪ್ರತಿನಿಧಿ ಇಲ್ಲಿ ತೀರಿಕೊಂಡ ಮೇಲೆ ಒಡೆಯರ ಆಳುಗಳು ರಂಗನಾಥನ ಮಡದಿ ರಂಗನಾಯಕಿ ದೇವಿಯ ಒಡವೆ ಕೇಳಿ ಅವನ ಹೆಂಡತಿ ಅಲಮೇಲಮ್ಮನ ಬೆನ್ನು ಹತ್ತಿದರು, ಅವಳು ಮಾಲಂಗಿಯಲ್ಲಿ ಹೊಳೆಗೆ ಹಾರಿದಳು. ‘ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ’ ಎಂಬುದು ಅವಳ ಶಾಪ. ಮರಳಿಗೆ ಇನ್ನೊಂದು ವಿವರಣೆಯೂ ಇದೆ. ಹೊಳೆ ಇಲ್ಲಿ ಚೂಪಾಗಿ ತಿರುಗುತ್ತದೆ. ಹೊಳೆಯ ಮೇಲ್ಭಾಗದಲ್ಲಿ ಮಾಧವ ಮಂತ್ರಿ ಕಟ್ಟೆ ಕಟ್ಟಿದ ಮೇಲೆ ನೀರು ತಗ್ಗಿ ತಳದ ಮರಳು ಬಯಲಿಗೆ ಬಿತ್ತು, ಗಾಳಿ ಅದನ್ನು ಊರಿನ ಮೇಲೆ ತಂದು ಸುರಿಯಿತು. ಪಾತಾಳೇಶ್ವರನಿಗೆ ಮೆಟ್ಟಿಲಿಳಿದು ಹೋಗುವಾಗ ಎರಡರಲ್ಲಿ ಯಾವುದನ್ನು ನಂಬಿದರೂ ಕಾಲ ಕೆಳಗಿನ ಮರಳು ಒಂದೇ.

ನಡಿಗೆ ವೈದ್ಯೇಶ್ವರನಿಂದ ಶುರು. ಪಾತಾಳೇಶ್ವರ, ಮರಳೇಶ್ವರ, ಕೀರ್ತಿನಾರಾಯಣ ಎಲ್ಲ ಮರಳ ದಿಬ್ಬಗಳ ನಡುವೆ. ಅರ್ಕೇಶ್ವರಕ್ಕೂ ಗುಡ್ಡದ ಮೇಲಿನ ಮುಡುಕುತೊರೆ ಮಲ್ಲಿಕಾರ್ಜುನನಿಗೂ ವಾಹನ ಬೇಕು. ವಿಷ್ಣುವಿನ ಕೀರ್ತಿನಾರಾಯಣ ಬಿಟ್ಟು ಉಳಿದ ಐದೂ ಸೇರಿ ಪಂಚಲಿಂಗ. ಕಾರ್ತಿಕ ಸೋಮವಾರದಂದು ನಕ್ಷತ್ರ ಕೂಡಿ ಬಂದಾಗ ಮಾತ್ರ ಪಂಚಲಿಂಗ ದರ್ಶನ, 2013ರ ನಂತರ ಅದು ಬಂದದ್ದು 2020ರ ಡಿಸೆಂಬರ್‌ನಲ್ಲಿ. ಬಿಡಿಸಿ ಹಾಕಲು ಸುಲಭವಾದ ಚಪ್ಪಲಿ, ಒಂದು ಜೊತೆ ದಪ್ಪ ಕಾಲುಚೀಲ, ಟೋಪಿ ಇಷ್ಟಿದ್ದರೆ ಸಾಕು. ಮರಳಿನಲ್ಲಿ ನಡಿಗೆ ನಿಧಾನವಾಗುತ್ತದೆ, ವಯಸ್ಸಾದವರಿದ್ದರೆ ಅಂದಾಜಿನ ಎರಡರಷ್ಟು ಹೊತ್ತು ಇಟ್ಟುಕೊಳ್ಳಿ.

ಹೊಳೆಯ ವಿಷಯ ಬಿಗಿಯಾಗಿ ಹೇಳಬೇಕು. ತಲಕಾಡಿನ ದಂಡೆ ಸಮುದ್ರ ತೀರದಂತೆ ಇಳಿಜಾರಾಗಿ ಕಂಡು ಈಜಲು ಕರೆಯುತ್ತದೆ. ಮೊಣಕಾಲುದ್ದದ ನೀರು ಎರಡು ಹೆಜ್ಜೆಗೆ ಆಳುದ್ದದ ಗುಂಡಿಯಾಗುತ್ತದೆ, ತಳದ ಮರಳು ಜಾರುತ್ತದೆ, ಮೇಲಿನ ಎರಡು ಅಣೆಕಟ್ಟೆಗಳಿಂದ ನೀರು ಬಿಟ್ಟರೆ ಮಟ್ಟ ಏರುತ್ತದೆ. ಇಲ್ಲಿ ಮುಳುಗಿದವರಲ್ಲಿ ಈಜು ಬಲ್ಲವರೂ ಇದ್ದಾರೆ. ದಂಡೆಯಲ್ಲಿ ಕಾಲು ನೆನೆಸಿ ಬನ್ನಿ, ಅಷ್ಟು ಸಾಕು.

ಸೋಮನಾಥಪುರಕ್ಕೆ ಎರಡೂವರೆ, ಮೂರಕ್ಕೆ ತಲುಪುವಂತಿರಲಿ. ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಊರನ್ನು ತನ್ನ ಹೆಸರಿನಲ್ಲಿ ಕಟ್ಟಿ, ಹದಿಮೂರನೇ ಶತಮಾನದ ನಡುವೆ ಈ ಕೇಶವ ಗುಡಿ ಎಬ್ಬಿಸಿದ. ಬೇಲೂರು, ಹಳೇಬೀಡಿನ ಜೊತೆ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಮೂರ್ತಿಗಳು ಭಗ್ನವಾದ್ದರಿಂದ ಪೂಜೆಯಿಲ್ಲ, ಹಾಗಾಗಿ ಮಧ್ಯಾಹ್ನದ ಬಾಗಿಲಿನ ತೊಂದರೆಯೂ ಇಲ್ಲ. ಬಾಗಿಲು ಪೂರ್ವಕ್ಕಿದೆ. ನಕ್ಷತ್ರದಾಕಾರದ ಮೂರು ಗರ್ಭಗುಡಿಗಳ ಹಿಂಭಾಗಕ್ಕೆ ಬೆಳಕು ಬೀಳುವುದು ಮಧ್ಯಾಹ್ನದ ಮೇಲೆಯೇ, ತಡವಾಗಿ ಬರಲು ಅದೂ ಒಂದು ಕಾರಣ.

ಗುಡಿ ನಿಂತಿರುವ ಕಲ್ಲಿನ ಜಗತಿ ಹತ್ತಿ ಗುಡಿಯನ್ನು ಬಲಕ್ಕಿಟ್ಟುಕೊಂಡು ಸುತ್ತಬೇಕು. ಕೆತ್ತಿದವರು ಕಥೆಯನ್ನು ಆ ದಿಕ್ಕಿಗೇ ಹೊಂದಿಸಿದ್ದಾರೆ. ದಕ್ಷಿಣಕ್ಕೆ ರಾಮಾಯಣ, ಹಿಂದೆ ಕೃಷ್ಣನ ಕಥೆ, ಉತ್ತರಕ್ಕೆ ಮಹಾಭಾರತ. ಉಲ್ಟಾ ಹೊರಟರೆ ಯುದ್ಧ ಮುಗಿದ ಮೇಲೆ ಮದುವೆ ನೋಡಿದಂತೆ. ಕೆಳಗಿನ ಪಟ್ಟಿಯಲ್ಲಿ ಆನೆ, ಅದರ ಮೇಲೆ ಕುದುರೆ, ಬಳ್ಳಿ, ಆಮೇಲೆ ಕಥೆ. ಭಾರ ಹೊರುವುದು ಆನೆಯ ಕೆಲಸ ಎಂಬುದು ಶಿಲ್ಪಿಗಳ ಲೆಕ್ಕ. ದೊಡ್ಡ ವಿಗ್ರಹಗಳ ಪೀಠದಲ್ಲಿ ಕೆತ್ತಿದವರ ಹೆಸರುಗಳಿವೆ. ಮಲ್ಲಿತಮ್ಮನ ಹೆಸರು ಎಲ್ಲಕ್ಕಿಂತ ಹೆಚ್ಚು ಕಡೆ, ಹಳಗನ್ನಡ ಲಿಪಿ ಓದಲು ಬಾರದವರೂ ಅಕ್ಷರದ ಸಾಲುಗಳನ್ನು ಗುರುತಿಸಬಹುದು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ, ಉಗುರು ಗಾತ್ರದ ಆಭರಣ ಮೂಡಿದ್ದು ಅದರಿಂದ. ಕೈಯ ಜಿಡ್ಡು ಅದನ್ನು ಕಪ್ಪು ಮಾಡುತ್ತದೆ, ಮುಟ್ಟಬೇಡಿ. ಒಳಗಿನ ಭುವನೇಶ್ವರಿಗಳು, ಅಂದರೆ ಚಾವಣಿಯ ಕೆತ್ತನೆಗಳು, ಒಂದರಂತೆ ಇನ್ನೊಂದಿಲ್ಲ. ಬಾಳೆ ಮೋತೆಯಂತೆ ಇಳಿದಿರುವುದನ್ನು ಹುಡುಕಿ ನೋಡಿ. ಕತ್ತು ನೋಯುತ್ತದೆ, ನೋಯಲಿ.

ಬಸ್ಸಿನವರಿಗೆ ಒಂದು ಮಾತು. ಮೈಸೂರಿನ ಸಬರ್ಬನ್ ನಿಲ್ದಾಣದಿಂದ ಬನ್ನೂರು, ನರಸೀಪುರ, ನಂಜನಗೂಡಿಗೆ ಬಸ್ಸಿನ ಬರವಿಲ್ಲ. ಬನ್ನೂರು–ಸೋಮನಾಥಪುರ, ನರಸೀಪುರ–ತಲಕಾಡು ತುಂಡುಗಳಲ್ಲೇ ಕಾಯುವುದು. ಶಕ್ತಿ ಯೋಜನೆಯ ಉಚಿತ ಪ್ರಯಾಣ ಕರ್ನಾಟಕದ ವಿಳಾಸವಿರುವ ಮಹಿಳೆಯರಿಗೆ ಮಾತ್ರ, ಹೊಸದಾಗಿ ಬಂದವರು ಆಧಾರ್‌ನಲ್ಲಿ ವಿಳಾಸ ಬದಲಿಸಿರದಿದ್ದರೆ ಟಿಕೆಟ್ ತೆಗೆಯಬೇಕಾಗುತ್ತದೆ.

ಉಳಿದ ಅರ್ಧ ದಿನ ನಂಜನಗೂಡಿಗೆ. ದಕ್ಷಿಣಕ್ಕೆ ಇಪ್ಪತ್ತನಾಲ್ಕು ಕಿಲೋಮೀಟರ್, ಚಾಮರಾಜನಗರದ ಪ್ಯಾಸೆಂಜರ್ ರೈಲೇ ಸುಖ. ಕಪಿಲೆಯ ಮೇಲೆ ದಳವಾಯಿ ದೇವರಾಜ 1735ರಲ್ಲಿ ಕಟ್ಟಿಸಿದ ಕಮಾನು ಸೇತುವೆ ಇಲ್ಲಿದೆ, ರಸ್ತೆಗೂ ರೈಲಿಗೂ ಹೆಗಲು ಕೊಟ್ಟು ಈಗ ವಿಶ್ರಾಂತಿಯಲ್ಲಿದೆ. ನಂಜುಂಡೇಶ್ವರನ ಒಂಬತ್ತು ನೆಲೆಯ ಗೋಪುರ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು, ಸುಮಾರು 120 ಅಡಿ. ಕಣ್ಣು ಹೋಗಿದ್ದ ಪಟ್ಟದಾನೆ ಇಲ್ಲಿನ ಹರಕೆಯಿಂದ ಗುಣವಾಯಿತೆಂದು ಟಿಪ್ಪು ಪಚ್ಚೆಯ ಲಿಂಗ ಒಪ್ಪಿಸಿ, ಸ್ವಾಮಿಯನ್ನು ಹಕೀಂ ನಂಜುಂಡ ಎಂದು ಕರೆದನಂತೆ. ಸೋಮವಾರ, ಹುಣ್ಣಿಮೆ, ಅಮಾವಾಸ್ಯೆ ಬಿಟ್ಟು ಹೋದರೆ ಉದ್ದದ ಪ್ರಾಕಾರವನ್ನು ನಿಧಾನವಾಗಿ ಸುತ್ತಬಹುದು. ದೊಡ್ಡ ಜಾತ್ರೆ ಮಾರ್ಚ್–ಏಪ್ರಿಲ್‌ನಲ್ಲಿ, ಐದು ತೇರು ಒಟ್ಟಿಗೆ ಹೊರಡುತ್ತವೆ. ಅಂದು ಕಾರನ್ನು ಊರೊಳಗೆ ತರುವ ಆಸೆ ಬೇಡ. ವಯನಾಡಿನಲ್ಲಿ ಮಳೆ ಹೆಚ್ಚಿದರೆ ಕೆಆರ್‌ಎಸ್‌ಗಿಂತ ಮೊದಲು ತುಂಬುವುದು ಕಬಿನಿ ಜಲಾಶಯ. ಆಗ ಸ್ನಾನಘಟ್ಟ ಮುಳುಗಿ, ಕೆಲವೊಮ್ಮೆ ಮೈಸೂರು ರಸ್ತೆಗೂ ನೀರು ನುಗ್ಗುತ್ತದೆ.

ಬರುವಾಗ ರಸಬಾಳೆ ಕೇಳದೆ ಬರುವಂತಿಲ್ಲ. ಭೌಗೋಳಿಕ ಸೂಚಿಕೆ ಇರುವ ಹಣ್ಣು, ಆದರೆ ಮಣ್ಣಿನಲ್ಲೇ ಉಳಿಯುವ ಪನಾಮಾ ಸೊರಗು ರೋಗದಿಂದ ತೋಟಗಳು ಕರಗಿವೆ. ರಸ್ತೆ ಬದಿಯಲ್ಲಿ ಆ ಹೆಸರಿಗೆ ಬೇರೆ ಹಣ್ಣು ಕೊಡುವುದುಂಟು. ಏಲಕ್ಕಿ ಬಾಳೆಗಿಂತ ದಪ್ಪವಿರಬೇಕು. ಒಂದು ಸುಲಿದು ತಿಂದು ನೋಡಿ, ಆಮೇಲೆ ಚಿಪ್ಪಿನ ಬೆಲೆ ಮಾತಾಡಿ.