ಮುಚ್ಚಳದ ಒಳಗಿನ ಹಸಿರು

ಇವತ್ತು ಹಳೇ ಕಾರಿನ ಗ್ಲೋವ್ ಬಾಕ್ಸ್ ಮುಚ್ಚಳ ಬಿಚ್ಚಿದೆ. ಒಳಗೆ ಅಂಟಿಸಿದ್ದ ಬಟ್ಟೆ ಕಿತ್ತು ಬಂತು. ಅದರಡಿ ಅಂಗೈಯಷ್ಟಗಲ ಹಸಿರು. ಎಳೆ ಹುಲ್ಲಿನ ಹಸಿರು!

ಇಷ್ಟು ದಿನ ಬಾನೆಟ್ ಮೇಲಿರೋ ಮಂಕು ಬೂದುಹಸಿರನ್ನೇ ಅಸಲಿ ಅಂದ್ಕೊಂಡಿದ್ದೆ. ಕಾರಿಗೆ ಮತ್ತೆ ಅದೇ ಬಣ್ಣ ಹೊಡೆಯೋಣ ಅಂತ, ಅದಕ್ಕೆ ಹೊಂದಿಸೋಕೆ ಮೂರು ಸಲ ಬಣ್ಣ ಕಲಸಿಸಿದ್ದೂ ಆಗಿತ್ತು.

ಅನುಮಾನ ಬಂದು ಬಾಗಿಲಂಚಿಗೆ ನೀರು ಹಾಕಿ, 2000 ನಂಬರಿನ ಎಮರಿ ಪೇಪರಲ್ಲಿ ಮೆಲ್ಲಗೆ ಉಜ್ಜಿದೆ. ಮರ ಕೊಯ್ದಾಗ ಕಾಣೋ ಉಂಗುರಗಳ ಥರ ಒಂದೊಂದೇ ಪದರ. ಬೂದುಹಸಿರು, ಅದರೊಳಗೆ ಸ್ವಲ್ಪ ಹಳದಿ ಬೆರೆತ ಹಸಿರು, ಕೊನೆಗೆ ಬಣ್ಣಕ್ಕೂ ಮೊದಲು ಬಳಿಯೋ ಪ್ರೈಮರ್‌ಗೆ ತಾಗಿಕೊಂಡು ಆ ಎಳೆ ಹಸಿರು.

ಅಂದ್ರೆ ನನಗಿಂತ ಮೊದಲೇ ಇಬ್ಬರು ಇದೇ ಕೆಲಸ ಮಾಡಿದ್ದಾರೆ. ಇಬ್ಬರೂ ಬಿಸಿಲಿಗೆ ಮಾಸಿದ್ದನ್ನೇ ನೋಡಿ ಹೊಂದಿಸಿದ್ದಾರೆ. ನಾನು ಮೂರನೆಯವನು ಆಗ್ತಿದ್ದೆ, ಅಷ್ಟೇ.

ಫೋರ್ಡ್ ಮಾಡೆಲ್ ಟಿ ಇಟ್ಕೊಂಡವರಿಗೆ ಈ ತಲೆನೋವು ಕಡಿಮೆ ಇರಬೇಕು. 1914ರಿಂದ 1925ರವರೆಗೆ ಬಂದಿದ್ದೆಲ್ಲ ಬರೀ ಕಪ್ಪು.

ಸಂಜೆ ಹೊಸ ಸ್ಯಾಂಪಲ್ ಕಲಸಿ ಟ್ಯೂಬ್‌ಲೈಟ್ ಕೆಳಗೆ ಮುಚ್ಚಳದ ಪಕ್ಕ ಹಿಡಿದೆ. ಎರಡೂ ಒಂದೇ! ಖುಷಿಯಲ್ಲಿ ಅಂಗಳಕ್ಕೆ ತಂದೆ. ಹೊರಗಿನ ಬೆಳಕಲ್ಲಿ ಸ್ಯಾಂಪಲ್ ನೀಲಿಗೆ ತಿರುಗಿಬಿಡ್ತು. ಬಣ್ಣ ಕೊಡೋ ಪುಡಿ, ಅಂದ್ರೆ ಪಿಗ್ಮೆಂಟ್, ಬೇರೆ ಆದ್ರೆ ಹೀಗೇ, ಒಂದು ಬೆಳಕಲ್ಲಿ ಅವಳಿ, ಇನ್ನೊಂದರಲ್ಲಿ ಅಪರಿಚಿತ.

ಮುಚ್ಚಳ ಈಗ ಮೇಜಿನ ಮೇಲಿದೆ. ಬಿಸಿಲು ತಾಗದಿರಲಿ ಅಂತ ಮತ್ತದೇ ಹಳೇ ಬಟ್ಟೆ ಹೊದಿಸಿದ್ದೀನಿ.